ಲಾಲ್‌ಬಾಗಿನಿಂದ ಕಾರ್ಕಳದ ಹಿತ್ತಿಲಿನವರೆಗೆ: ಕೈತೋಟ ಕಲಿಸಿದ ಸಂಘಗಳ ಚರಿತ್ರೆ

ಕಾರ್ಕಳ ಸೀಮೆಯಲ್ಲಿ ಗಿಡ ನೆಡದ ಮನೆ ಹುಡುಕುವುದು ಕಷ್ಟ. ಬಾವಿಕಟ್ಟೆಯ ಬದಿಗೆ ಬಸಳೆ ಚಪ್ಪರ, ಬಚ್ಚಲ ನೀರು ಇಳಿದುಹೋಗುವಲ್ಲಿ ಕೆಸು, ಅದರಾಚೆ ನಾಲ್ಕು ಬುಡ ಬಾಳೆ, ಅಂಗಳದ ಅಂಚಿಗೆ ದಾಸವಾಳ, ಅಬ್ಬಲಿಗೆ. ಇಷ್ಟಾದರೂ ಎಲ್ಲರ ಮನೆಯಲ್ಲಿ ಇರುತ್ತದೆ. ಆದರೆ ನೆಟ್ಟವರೆಲ್ಲ ಬೆಳೆಸಿದವರಲ್ಲ. ವರ್ಷಕ್ಕೆ 4 ಸಾವಿರ ಮಿ.ಮೀ. ದಾಟಿ ಸುರಿಯುವ ಮಳೆ ಮೇಲ್ಮಣ್ಣಿನ ಸಾರವನ್ನೆಲ್ಲ ತೊಳೆದು ಒಯ್ಯುತ್ತದೆ. ಆಟಿಯಲ್ಲಿ ಬುಡ ಕೊಳೆಯದೆ ಉಳಿದ ಗಿಡ ಮಾರ್ಚ್ ಬಂದಾಗ ಮುರಕಲ್ಲಿನ ಕಾವಿಗೆ ಬಾಡುತ್ತದೆ. ಘಟ್ಟದ ಮೇಲಿನವರಿಗಾಗಿ ಬರೆದ ಪುಸ್ತಕ ನೋಡಿ ಜುಲೈಯಲ್ಲಿ ಬೀಜ ಹಾಕಿದರೆ ಇಲ್ಲಿ ಮೊಳಕೆ ಮೇಲೆ ಬರುವ ಮೊದಲೇ ಮಣ್ಣಿನಲ್ಲಿ ಕೊಳೆತುಹೋಗುತ್ತದೆ. ಇಂಥ ಊರಿನಲ್ಲಿ ತೋಟದ ಕೆಲಸ ಕೈಗೆ ಹತ್ತಬೇಕಾದರೆ ಆಚೆಮನೆಯವರ ತೋಟ ನೋಡಬೇಕು, ನಮ್ಮದನ್ನು ಅವರಿಗೆ ತೋರಿಸಬೇಕು, ಕೇಳಬೇಕು, ಹೇಳಿಸಿಕೊಳ್ಳಬೇಕು.

ಹೀಗೆ ನೋಡುವ, ತೋರಿಸುವ ಕೆಲಸವನ್ನು ನಾಲ್ಕು ಜನ ಸೇರಿ ಕ್ರಮವಾಗಿ ಮಾಡತೊಡಗಿದರೆ ಅದೇ ಸಂಘ. ನಮ್ಮ ನಾಡಿನಲ್ಲಿ ಇಂಥ ಸಂಘಗಳಿಗೆ ಸುಮಾರು ಇನ್ನೂರು ವರ್ಷಗಳ ಚರಿತ್ರೆಯಿದೆ. ಕೆಲವು ಹುಟ್ಟಿದಷ್ಟೇ ಬೇಗ ಮುಗಿದವು, ಕೆಲವು ನೂರು ವರ್ಷ ದಾಟಿ ನಡೆಯುತ್ತಿವೆ. ಬಾಳಿದ್ದು ಯಾಕೆ ಬಾಳಿತು ಎಂದು ತಿಳಿದುಕೊಂಡರೆ ಕಾರ್ಕಳದಲ್ಲಿ ಇಂದು ಕೈತೋಟ ಮಾಡಹೊರಟವರಿಗೆ ದಾರಿ ಸುಲಭವಾಗುತ್ತದೆ. ಆ ಉದ್ದೇಶದಿಂದಲೇ ಈ ಲೇಖನ.

ಆರು ವರ್ಷ ನಡೆದ ಮೊದಲ ಸಂಘ

ತೋಟಗಾರಿಕೆಗೆಂದು ಸಂಘ ಕಟ್ಟುವ ರೂಢಿ ಇಂಗ್ಲೆಂಡಿನಿಂದ ಬಂತು. ಲಂಡನ್ನಿನ ಉದ್ಯಾನ ಸಂಘ ಸ್ಥಾಪನೆಯಾದದ್ದು 1804ರಲ್ಲಿ. 1820ರಲ್ಲಿ ವಿಲಿಯಂ ಕೇರಿ ಕಲ್ಕತ್ತೆಯಲ್ಲಿ ಕೃಷಿ ಮತ್ತು ಉದ್ಯಾನ ಸಂಘವನ್ನು ಆರಂಭಿಸಿದ. 1835ರಲ್ಲಿ ಮದರಾಸಿನಲ್ಲಿ ಅಂಥದೇ ಸಂಘ ಹುಟ್ಟಿತು. ಮರುವರ್ಷವೇ, 1836ರಲ್ಲಿ, ಬೆಂಗಳೂರಿನ ಸರದಿ. ಸೇನಾಧಿಕಾರಿಯೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ವಿಲಿಯಂ ಮನ್ರೋನ ಮುಂದಾಳುತನದ ಸಂಘಕ್ಕೆ ಆಗಿನ ಕಮಿಷನರ್ ಮಾರ್ಕ್ ಕಬ್ಬನ್ ಲಾಲ್‌ಬಾಗನ್ನೇ ವಹಿಸಿಕೊಟ್ಟರು.

ಲಾಲ್‌ಬಾಗ್ ಆಗಲೇ ಹಳೆಯ ತೋಟ. 1760ರ ಹೊತ್ತಿಗೆ ಹೈದರಾಲಿ ಹಾಕಿಸಿದ್ದು. ಟಿಪ್ಪು ದೂರದೇಶಗಳಿಂದ ಸಸಿ, ಬೀಜ ತರಿಸಿ ಬೆಳೆಸಿದ್ದು. ಅಂಥ ತೋಟ ಕೈಯಲ್ಲಿದ್ದೂ ಬೆಂಗಳೂರಿನ ಸಂಘ ಬಹಳ ಕಾಲ ನಿಲ್ಲಲಿಲ್ಲ. 1842ರಲ್ಲಿ ಅದು ವಿಸರ್ಜನೆಯಾಯಿತು. ಆ ಕಾಲದ ಸಂಘಗಳ ಗಮನವೆಲ್ಲ ಹೊರದೇಶದ ಬೀಜ, ಹಣದ ಬೆಳೆ, ಕಂಪನಿ ಸರಕಾರದ ಆದಾಯದ ಮೇಲಿತ್ತು. ಸುತ್ತಲಿನ ಊರುಗಳ ಹಿತ್ತಿಲುಗಳಲ್ಲಿ ತಲೆಮಾರುಗಳಿಂದ ಸೊಪ್ಪು, ತರಕಾರಿ, ಹೂವು ಬೆಳೆಯುತ್ತಿದ್ದ ಜನ ಆ ಸಂಘದ ಲೆಕ್ಕದಲ್ಲೇ ಇರಲಿಲ್ಲ. ಊರಿನ ತೋಟಗಾರನನ್ನು ಹೊರಗಿಟ್ಟ ಉದ್ಯಾನ ಸಂಘ ಊರಲ್ಲಿ ಬೇರು ಬಿಡುವುದು ಸಾಧ್ಯವಿರಲಿಲ್ಲ ಎಂದೇ ನನ್ನ ನಂಬಿಕೆ.

ಮುಂದೆ 1856ರಲ್ಲಿ ಹ್ಯೂ ಕ್ಲೆಗಾರ್ನ್ ಸಲಹೆಯಂತೆ ಲಾಲ್‌ಬಾಗ್ ಸರಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮರೂನ್ ಕಾಲದಲ್ಲಿ ಹೊರಗಿನ ಹಲವು ತರಕಾರಿ, ಹಣ್ಣಿನ ಗಿಡಗಳು ಅಲ್ಲಿ ಊರಿಕೊಂಡು ಸುತ್ತಲಿನ ರೈತರ ಹೊಲ ಸೇರಿದವು. ನಮ್ಮ ಅಡುಗೆಮನೆಯಲ್ಲಿ ಇಂದು ಹುಳಿಗೂ ಪಲ್ಯಕ್ಕೂ ಒದಗುವ ಸೀಮೆಬದನೆ ಬಂದದ್ದು ಹಾಗೆ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದೂ ಅದೇ ಕಾಲದಲ್ಲಿ, 1889ರ ನವೆಂಬರಿನಲ್ಲಿ. ಫಲಪುಷ್ಪಗಳ ಪ್ರದರ್ಶನಕ್ಕೆ ಒಂದು ಸ್ಥಿರವಾದ ಸೂರು ಸಿಕ್ಕಿತು.

1912: ಮೈಸೂರು ಉದ್ಯಾನ ಕಲಾ ಸಂಘ

ಕ್ಯಾಮರೂನ್ ನಂತರ ಲಾಲ್‌ಬಾಗಿಗೆ ಬಂದವರು ಗುಸ್ತಾವ್ ಹರ್ಮನ್ ಕೃಂಬಿಗಲ್. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿದ ಅವರು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡೆಯ ಮಹಾರಾಜರ ಬಳಿ ವರ್ಷಗಟ್ಟಲೆ ದುಡಿದು, 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರಿಗೆ ಬಂದರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಜಾತಿ ಹೂ ಬಿಡುವಂತೆ ಸಾಲುಮರಗಳನ್ನು ಯೋಜಿಸಿದವರು ಅವರು. ಬೆಂಗಳೂರಿಗೆ ಉದ್ಯಾನ ನಗರಿ ಎಂಬ ಹೆಸರು ಉಳಿದಿರುವುದರಲ್ಲಿ ಅವರ ಪಾಲು ದೊಡ್ಡದು. ಮೊದಲ ಮಹಾಯುದ್ಧದ ಸಮಯದಲ್ಲಿ ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟರು. ಬಿಡುಗಡೆಯಾದ ಮೇಲೆ ಮತ್ತೆ ಅದೇ ತೋಟಕ್ಕೆ ಬಂದರು. 1932ರಲ್ಲಿ ನಿವೃತ್ತರಾದ ಮೇಲೂ ಬೆಂಗಳೂರು ಬಿಡದೆ, 1956ರಲ್ಲಿ ಅಲ್ಲೇ ತೀರಿಕೊಂಡರು.

ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ಉದ್ಯಾನ ಕಲಾ ಸಂಘ ಸ್ಥಾಪನೆಯಾಯಿತು. ಸರಕಾರದ ಇಲಾಖೆ ಒಂದು ಕಡೆ, ಮನೆಯಂಗಳದಲ್ಲಿ ಹೂವು ತರಕಾರಿ ಬೆಳೆಯುವ ಊರಿನ ಹವ್ಯಾಸಿಗಳು ಇನ್ನೊಂದು ಕಡೆ. ಇಬ್ಬರನ್ನೂ ಒಂದು ಸೂರಿನಡಿ ತಂದದ್ದು ಈ ಸಂಘ. 1836ರ ಸಂಘ ಮಾಡದಿದ್ದ ಕೆಲಸ ಇದೇ. ಹಾಗಾಗಿಯೇ ಮೊದಲನೆಯದು ಆರು ವರ್ಷಕ್ಕೆ ಮುಗಿದರೆ ಇದು ನೂರು ವರ್ಷ ದಾಟಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ವರ್ಷಕ್ಕೆ ಎರಡು ಸಲ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ತೋಟಗಾರಿಕೆ ಇಲಾಖೆಯ ಜೊತೆಗೂಡಿ ಈ ಸಂಘವೇ ನಡೆಸುತ್ತದೆ.

ಪ್ರದರ್ಶನ ಎಂದ ಕೂಡಲೇ ಜನರಿಗೆ ನೆನಪಾಗುವುದು ಗಾಜಿನ ಮನೆಯೊಳಗಿನ ಹೂವಿನ ಕಲಾಕೃತಿ. 2022ರ ಆಗಸ್ಟಿನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್ ನೆನಪಿನಲ್ಲಿ ನಡೆದ ಪ್ರದರ್ಶನಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಹರಿದುಬಂದರು. ಆದರೆ ತೋಟ ಮಾಡುವವರಿಗೆ ಪಾಠವಿರುವುದು ಪ್ರದರ್ಶನದ ಮೊದಲಿನ ವಾರಗಳಲ್ಲಿ. ಮನೆಯ ತೋಟ, ತಾರಸಿ ತೋಟ, ತರಕಾರಿ ತೋಟ, ಶಾಲೆ ಮತ್ತು ಕಚೇರಿಗಳ ತೋಟ, ಕಾರ್ಖಾನೆಗಳ ತೋಟ ಎಂದು ಬೇರೆಬೇರೆ ವಿಭಾಗಗಳಲ್ಲಿ ಸ್ಪರ್ಧೆಗೆ ಹೆಸರು ಬರೆಸಿಕೊಳ್ಳುತ್ತಾರೆ. ಆಮೇಲೆ ತೀರ್ಪುಗಾರರ ತಂಡ ಒಂದೊಂದೇ ತೋಟಕ್ಕೆ ಹೋಗುತ್ತದೆ.

ಪಳಗಿದ ಕಣ್ಣೊಂದು ನಮ್ಮ ತೋಟದೊಳಗೆ ಬಂದಾಗ ಏನಾಗುತ್ತದೆಂದು ಸ್ವಲ್ಪ ನಿಂತು ನೋಡಬೇಕು. ಅವರು ಮೊದಲು ಹೂವು ನೋಡುವುದಿಲ್ಲ, ಎಲೆಯ ಅಡಿಭಾಗವನ್ನು ಮಗುಚಿ ನೋಡುತ್ತಾರೆ. ಬಿಳಿನೊಣ, ಹಿಟ್ಟುತಿಗಣೆ ಇದ್ದರೆ ಅಲ್ಲೇ ಸಿಗುತ್ತದೆ. ಕುಂಡವನ್ನು ತುಸು ಓರೆ ಮಾಡಿ ಅಡಿಯ ತೂತಿನಿಂದ ನೀರು ಬಸಿಯುತ್ತಿದೆಯೇ, ಬೇರು ಹೊರಗೆ ಬಂದಿದೆಯೇ ಎಂದು ನೋಡುತ್ತಾರೆ. ಬುಡದ ಮಣ್ಣನ್ನು ಬೆರಳಲ್ಲಿ ಒತ್ತುತ್ತಾರೆ. ಒಣಗಿದ ಎಲೆ, ಕಸಕಡ್ಡಿಯನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳುತ್ತಾರೆ. ಹೋದ ವರ್ಷ ಬೀಜ ಎಲ್ಲಿಂದ ತಂದಿರಿ, ಈ ವರ್ಷ ನಿಮ್ಮದೇ ಬೀಜ ಉಳಿಸಿದ್ದೀರಾ ಎಂದು ಕೇಳುತ್ತಾರೆ. ಬಹುಮಾನ ಬರಲಿ, ಬಿಡಲಿ, ಇಷ್ಟು ಪ್ರಶ್ನೆಗಳಿಗೆ ಉತ್ತರ ಕೊಟ್ಟವರ ತೋಟ ಮರುವರ್ಷ ಸುಧಾರಿಸಿರುತ್ತದೆ. ಇನ್ನೊಬ್ಬರ ಕಣ್ಣಿನಲ್ಲಿ ತನ್ನ ತೋಟವನ್ನು ನೋಡುವ ಅಭ್ಯಾಸ ಅವರಿಗೆ ಬಂದಿರುತ್ತದೆ.

ಇಲಾಖೆ ಹುಟ್ಟಿ ತಾಲೂಕಿಗೆ ಇಳಿದದ್ದು

ಕೃಂಬಿಗಲ್ ನಂತರ ಲಾಲ್‌ಬಾಗಿನ ಹೊಣೆ ಹೊತ್ತ ಎಚ್.ಸಿ. ಜವರಾಯರು ಆ ಹುದ್ದೆಗೆ ಬಂದ ಮೊದಲ ಭಾರತೀಯರು. ಅವರ ನಂತರದ ತಲೆಮಾರಿನಲ್ಲಿ ಬಂದವರು ಡಾ. ಎಂ.ಎಚ್. ಮರೀಗೌಡರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಮರಳಿದ ಅವರು ತೋಟಗಾರಿಕೆ ಎಂದರೆ ಅರಮನೆಯ, ಬಂಗಲೆಯ ಅಲಂಕಾರ ಎಂಬ ಭಾವನೆಯನ್ನು ಬದಲಿಸಿದರು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ಬಂದಾಗ ಅದರ ನಿರ್ದೇಶಕರಾಗಿ 1974ರವರೆಗೆ ದುಡಿದರು. ತಾಲೂಕು ತಾಲೂಕಿನಲ್ಲಿ ತೋಟಗಾರಿಕಾ ಕ್ಷೇತ್ರ, ಅಲ್ಲೊಂದು ಸಸ್ಯಾಗಾರ, ಅಲ್ಲಿಂದ ರೈತನಿಗೂ ಗೃಹಿಣಿಗೂ ನಂಬಿಕೆಯ ಸಸಿ ಮತ್ತು ತಿಳಿವಳಿಕೆ: ಇದು ಅವರ ಕಲ್ಪನೆ. ಗಿಡ ಮಾರುವವರನ್ನು ಒಗ್ಗೂಡಿಸಿದ ನರ್ಸರಿಮೆನ್ ಸಹಕಾರ ಸಂಘ, ಹಣ್ಣು ತರಕಾರಿ ಬೆಳೆದವರಿಗೆ ಮಾರುಕಟ್ಟೆ ಕೊಟ್ಟ ಹಾಪ್‌ಕಾಮ್ಸ್, ಇವೆಲ್ಲ ಬೆಳೆದು ನಿಂತದ್ದು ಅದೇ ಕಾಲದ ಚಿಂತನೆಯಿಂದ. ಹಾಪ್‌ಕಾಮ್ಸ್ ಮೂಲತಃ 1959ರಲ್ಲಿ ದ್ರಾಕ್ಷಿ ಬೆಳೆಗಾರರು ಕಟ್ಟಿಕೊಂಡ ಸಹಕಾರ ಸಂಘ.

ಕರಾವಳಿಗೆ ಈ ಧಾರೆ ತಡವಾಗಿ ಬಂತು. ಕಾರ್ಕಳ, ಉಡುಪಿ ಸೇರಿದ್ದ ದಕ್ಷಿಣ ಕನ್ನಡ 1956ರವರೆಗೆ ಮದರಾಸು ಪ್ರಾಂತದಲ್ಲಿತ್ತು. ಲಾಲ್‌ಬಾಗ್ ನಮಗೆ ಪರರಾಜ್ಯದ ತೋಟ. ನಮ್ಮ ಕಡೆಗೆ ಮದರಾಸು ಸರಕಾರ ಕೊಟ್ಟ ದೊಡ್ಡ ಕೊಡುಗೆ 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರ. ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಮೂಲ ಅದೇ. ಕರಾವಳಿಯ ಕೈತೋಟಕ್ಕೆಲ್ಲ ತೆಂಗೇ ಯಜಮಾನ. ಅದರ ನೆರಳು ಬಿಸಿಲಿನ ಲೆಕ್ಕದಲ್ಲೇ ಉಳಿದ ಗಿಡಗಳು ಜಾಗ ಹಿಡಿಯುತ್ತವೆ. ಹಾಗಾಗಿ ಆ ಕೇಂದ್ರದ ಪಾಠಗಳು ಕಾರ್ಕಳದ ಹಿತ್ತಿಲಿಗೂ ತಲುಪಿದವು.

ಅಡಿಕೆಯ ಕೊಳೆರೋಗ ಇನ್ನೊಂದು ಪಾಠಶಾಲೆಯಾಯಿತು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ 1880ರ ದಶಕದಲ್ಲಿ ದ್ರಾಕ್ಷಿಗಾಗಿ ಕಂಡುಹಿಡಿದ ಮೈಲುತುತ್ತು ಸುಣ್ಣದ ದ್ರಾವಣವನ್ನು ಅಡಿಕೆಯ ಕೊಳೆಗೆ ಬಳಸಬಹುದೆಂದು ತೋರಿಸಿಕೊಟ್ಟವರು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಇಷ್ಟನ್ನು ಕರಪತ್ರದಲ್ಲಿ ಓದಬಹುದು. ಆದರೆ ದ್ರಾವಣ ಹದವಾಯಿತೇ ಎಂದು ತಿಳಿಯುವ ಉಪಾಯ ತೋಟದಿಂದ ತೋಟಕ್ಕೆ ಕಣ್ಣೆದುರಿಗೇ ದಾಟಿದ್ದು. ಕಬ್ಬಿಣದ ಕತ್ತಿಯ ಅಲಗನ್ನು ದ್ರಾವಣದಲ್ಲಿ ತುಸು ಹೊತ್ತು ಅದ್ದಿ ತೆಗೆಯುವುದು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಬೆರೆಸಬೇಕು. ಅದೇ ದ್ರಾವಣ ಈಗ ನಮ್ಮ ಮಲ್ಲಿಗೆ, ಕಾಳುಮೆಣಸಿನ ಬುಡಕ್ಕೂ ಮಳೆಗಾಲದ ಮದ್ದು.

ಬೆಳೆದವನ ಅನುಭವವೇ ಪಾಠ ಎಂಬ ಮಾತಿಗೆ ಅಚ್ಚಿನ ರೂಪ ಕೊಟ್ಟದ್ದು ಪುತ್ತೂರಿನ ‘ಅಡಿಕೆ ಪತ್ರಿಕೆ’. 1988ರಲ್ಲಿ ಆರಂಭವಾದ ಈ ಮಾಸಪತ್ರಿಕೆಯಲ್ಲಿ ಶ್ರೀ ಪಡ್ರೆಯವರು ಮತ್ತು ಜೊತೆಗಾರರು ಕೃಷಿಕರ ಕೈಗೇ ಲೇಖನಿ ಕೊಟ್ಟರು. ಬೆಳೆದವರೇ ಬರೆಯಬೇಕು, ಫೋಟೊ ಹಾಕಬೇಕು, ವಿಳಾಸ ಕೊಡಬೇಕು. ಓದಿದವನು ಬಸ್ಸು ಹತ್ತಿ ಹೋಗಿ ನೋಡಿ ಬರಬೇಕು. ಬ್ರಹ್ಮಾವರ ಬಳಿಯ ಚೇರ್ಕಾಡಿಯಲ್ಲಿ ಉಳುಮೆಯಿಲ್ಲದೆ ಭತ್ತ ಬೆಳೆದ ರಾಮಚಂದ್ರ ರಾಯರ ಪುಟ್ಟ ಜಮೀನಿಗೆ ದೂರದೂರದಿಂದ ಜನ ಬಂದು ಹೋದದ್ದು ಇದೇ ನೋಡಿ ಕಲಿಯುವ ಹಂಬಲದಿಂದ.

ಇಲಾಖೆಯ ಫಲಪುಷ್ಪ ಪ್ರದರ್ಶನವೂ ಜಿಲ್ಲೆಗೆ ಬಂತು. 1997ರಲ್ಲಿ ಉಡುಪಿ ಜಿಲ್ಲೆಯಾದ ಮೇಲೆ ಉಡುಪಿಯ ದೊಡ್ಡಣಗುಡ್ಡೆಯ ರೈತ ಸೇವಾ ಕೇಂದ್ರದ ಆವರಣದಲ್ಲಿ ನಡೆಯುವ ಪ್ರದರ್ಶನ ಕಾರ್ಕಳ, ಕಾಪು, ಮಣಿಪಾಲದವರಿಗೆ ಪಕ್ಕದ ಮನೆಯ ಜಾತ್ರೆಯೇ ಆಗಿದೆ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ, ಅಲ್ಲಿಯದೇ ಕೃಷಿ ವಿಜ್ಞಾನ ಕೇಂದ್ರ, ರುಡ್‌ಸೆಟ್ ಸಂಸ್ಥೆ, ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಇವೆಲ್ಲ ಜಿಲ್ಲೆಯ ಜನರಿಗೆ ಕೃಷಿಯ, ಸ್ವಉದ್ಯೋಗದ ತರಬೇತಿಗಳನ್ನು ಕೊಡುತ್ತ ಬಂದಿವೆ. ಸಂಸ್ಥೆಗಳ ಮಟ್ಟಿಗೆ ನಮ್ಮ ಜಿಲ್ಲೆ ಬಡವಾಗಿಲ್ಲ.

ಶಂಕರಪುರದ ಮಲ್ಲಿಗೆ, ಮಟ್ಟುವಿನ ಗುಳ್ಳ

ಹಾಗಿದ್ದರೂ ಈ ಕರಾವಳಿಯ ಅತ್ಯುತ್ತಮ ತೋಟಗಾರರನ್ನು ತಯಾರು ಮಾಡಿದ್ದು ಯಾವ ಕಟ್ಟಡವೂ ಅಲ್ಲ, ನೆರೆಹೊರೆ. ಕಾಪು ತಾಲೂಕಿನ ಶಂಕರಪುರ, ಇನ್ನಂಜೆ, ಶಿರ್ವ, ಬಂಟಕಲ್ಲು, ಇತ್ತ ಕಾರ್ಕಳ ತಾಲೂಕಿನ ಬೆಳ್ಮಣ್ಣು ಕಡೆಗೆ ಹೋದರೆ ಇದಕ್ಕೆ ಸಾಕ್ಷಿ ಸಿಗುತ್ತದೆ. ಇಲ್ಲಿ ಮಲ್ಲಿಗೆ ದೊಡ್ಡ ಜಮೀನಿನ ಬೆಳೆಯಲ್ಲ, ಮನೆಯೆದುರಿನ ಐದಾರು ಸೆಂಟ್ಸ್ ಜಾಗದ ಬೆಳೆ. ಹಿಂದೂ ಮನೆಯ ಅಜ್ಜಿಯೂ ಕ್ರೈಸ್ತ ಮನೆಯ ಬಾಯಿಯೂ ಬೇಲಿಯ ಆಚೆ ಈಚೆ ನಿಂತು ಒಬ್ಬರಿಗೊಬ್ಬರು ಕಲಿಸಿದ ಬೇಸಾಯ ಇದು. ಉಡುಪಿ ಮಲ್ಲಿಗೆ ಎಂದು ಭೌಗೋಳಿಕ ಸೂಚಿಯ ಮಾನ್ಯತೆಯೂ ಇದಕ್ಕಿದೆ.

ಬೆಳಗ್ಗೆ ಬಿಸಿಲೇರುವ ಮೊದಲೇ ಮೊಗ್ಗು ಕೊಯ್ಯಬೇಕು. ಅರಳಿದರೆ ದರವಿಲ್ಲ, ತೀರ ಎಳೆಯದಾದರೆ ಸಂಜೆಗೆ ಅರಳುವುದಿಲ್ಲ. ಅಂದಂದಿಗೆ ಅರಳುವ ಮೊಗ್ಗು ಯಾವುದೆಂದು ಅದರ ತುಂಬಿದ ಹೊಟ್ಟೆ ಮತ್ತು ಬಿಳುಪು ಹೇಳುತ್ತದೆ. ಅದನ್ನು ಗುರುತಿಸಲು ಕಲಿಯುವುದು ಪಕ್ಕದಲ್ಲಿ ನಿಂತು ಕೊಯ್ದಾಗ ಮಾತ್ರ. ಕೊಯ್ದದ್ದನ್ನು ಹದವಾದ ಬಾಳೆನಾರಿನಲ್ಲಿ ಕಟ್ಟಿ, 800 ಹೂವಾದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಹೂವು. ಮದುವೆ, ನೇಮ, ನಾಗಾರಾಧನೆಯ ಕಾಲದಲ್ಲಿ ಅಟ್ಟೆಗೆ 2 ಸಾವಿರ ರೂಪಾಯಿ ದಾಟುವುದುಂಟು. ದಿನದ ದರ ಶಂಕರಪುರದಲ್ಲಿ ನಿಗದಿಯಾಗುತ್ತದೆ, ಹೂವು ಮುಂಬಯಿಯವರೆಗೂ ಹೋಗುತ್ತದೆ.

ಆ ದರದ ಹಿಂದಿರುವ ಜ್ಞಾನ ಎಷ್ಟು ಸೂಕ್ಷ್ಮವೆಂದರೆ, ಒಂದು ಗಿಡ ಉಳಿಸಿಕೊಳ್ಳುವುದೇ ವರ್ಷದ ಸಾಧನೆ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲಬಾರದು. ಮಣ್ಣು ಏರಿಸಿ, ಬದಿಯಲ್ಲಿ ಕಣಿ ತೋಡಬೇಕು. ಮಳೆ ಬಿಟ್ಟ ಮೇಲೆ ಒಣಗೆಲ್ಲು, ಹಳೆಗೆಲ್ಲು ಸವರಬೇಕು. ಹಟ್ಟಿಗೊಬ್ಬರ, ಬೇವಿನಹಿಂಡಿ, ನೆನೆಸಿಟ್ಟ ಕಡಲೆಹಿಂಡಿಯ ನೀರು ಹದವರಿತು ಕೊಡಬೇಕು. ಮೊಗ್ಗಿಗೆ ನೇರಳೆ ಛಾಯೆ ಬಂದರೆ ಒಳಗೆ ಹುಳವಿದೆ ಎಂದು ತಿಳಿಯಬೇಕು. ಯಾರದ್ದಾದರೂ ತೋಟಕ್ಕೆ ರೋಗ ಬಂದರೆ ಮೂರೇ ದಿನದಲ್ಲಿ ಅದು ಎಲ್ಲರ ಮಾತಾಗುತ್ತದೆ, ಮದ್ದೂ ಅಷ್ಟೇ ಬೇಗ ಹರಡುತ್ತದೆ. ಉಡುಪಿ ಸೀಮೆಯ ಮಲ್ಲಿಗೆ ಇಷ್ಟು ಕಾಲ ಉಳಿದದ್ದು ಈ ಮಾತುಕತೆಯಿಂದ.

ಮಟ್ಟುವಿನ ಗುಳ್ಳದ ಚರಿತ್ರೆ ಇನ್ನೊಂದು ಬಗೆಯದು. ಕಟಪಾಡಿಯ ಪಶ್ಚಿಮಕ್ಕೆ ಕಡಲಂಚಿನ ಮಟ್ಟು, ಕೈಪುಂಜಾಲು, ಕೋಟೆ ಗ್ರಾಮಗಳಲ್ಲಿ ಬೆಳೆಯುವ ಈ ಬದನೆಯ ಬೀಜ ಸೋದೆಯ ವಾದಿರಾಜರು ಅನುಗ್ರಹಿಸಿದ್ದು ಎಂಬ ನಂಬಿಕೆಯಿದೆ. ಉಡುಪಿ ಪರ್ಯಾಯದ ಹೊರೆಕಾಣಿಕೆಗೆ ಮಟ್ಟುವಿನಿಂದ ಗುಳ್ಳ ಬರುವ ಪರಂಪರೆ ಇಂದಿಗೂ ಇದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿ ಸಿಕ್ಕಿತು. ಅದಕ್ಕೆ ಸ್ವಲ್ಪ ಮೊದಲು ಕುಲಾಂತರಿ ಬದನೆಯ ಪ್ರಶ್ನೆ ದೇಶವನ್ನೇ ಕಾಡಿದಾಗ ಉಡುಪಿಯ ಗುಳ್ಳವೂ ಕುಲಾಂತರಿ ಮಾಡಲು ಆರಿಸಿದ ತಳಿಗಳಲ್ಲಿ ಒಂದಾಗಿತ್ತು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬಲವಾದ ವಿರೋಧ ಬಂತು. 2010ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಕುಲಾಂತರಿ ಬದನೆಗೆ ತಡೆ ಹಾಕಿತು. ಮಟ್ಟುವಿನ ಬೆಳೆಗಾರರು ಸಂಘ ಕಟ್ಟಿಕೊಂಡು, ಗುಳ್ಳವನ್ನು ಗಾತ್ರ ನೋಡಿ ವಿಂಗಡಿಸಿ, ಬೇರೆ ಊರಿನ ಬದನೆ ಇದೇ ಹೆಸರಲ್ಲಿ ಮಾರಾಟವಾಗದಂತೆ ಕಾಯಿಗೆ ಸ್ಟಿಕ್ಕರ್ ಅಂಟಿಸಿ ಮಾರುಕಟ್ಟೆಗೆ ಕಳಿಸಲು ತೊಡಗಿದರು. ಒಂದು ಊರಿನ ತರಕಾರಿಗೆ ಅದೇ ಊರಿನವರ ಸಂಘ ಕಾವಲು ನಿಂತ ಇಂಥ ಉದಾಹರಣೆ ನಾಡಿನಲ್ಲಿ ಹೆಚ್ಚಿಲ್ಲ.

ಕಾರ್ಕಳದ ಪಾಠ

ಕಾರ್ಕಳಕ್ಕೆ ಬಂದರೆ ಮೊದಲು ನೆನೆಯಬೇಕಾದದ್ದು ಪ್ರಗತಿಬಂಧು ತಂಡಗಳನ್ನು. 1982ರಲ್ಲಿ ಬೆಳ್ತಂಗಡಿಯಲ್ಲಿ ಹುಟ್ಟಿ ನಮ್ಮ ತಾಲೂಕಿಗೂ ಹರಡಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಈ ತಂಡಗಳಲ್ಲಿ ಐದರಿಂದ ಎಂಟು ಮಂದಿ ಸಣ್ಣ ರೈತರು. ವಾರಕ್ಕೊಂದು ದಿನ ಎಲ್ಲರೂ ಸೇರಿ ಒಬ್ಬನ ಜಮೀನಿನಲ್ಲಿ ದುಡಿಯುವುದು, ಮುಂದಿನ ವಾರ ಇನ್ನೊಬ್ಬನಲ್ಲಿ. ಹಳ್ಳಿಯ ಹಳೆಯ ಮುಯ್ಯಾಳು ಪದ್ಧತಿಗೆ ಹೊಸ ಶಿಸ್ತು ಬಂದದ್ದು ಹೀಗೆ. ಕೂಲಿಯ ಖರ್ಚು ಉಳಿದದ್ದು ಎಲ್ಲರ ಕಣ್ಣಿಗೆ ಕಾಣುವ ಲಾಭ. ಅದಕ್ಕಿಂತ ದೊಡ್ಡ ಲಾಭ, ಪ್ರತಿಯೊಬ್ಬನೂ ಉಳಿದವರೆಲ್ಲರ ಮಣ್ಣನ್ನು ಕೈಯಾರೆ ಅಗೆದು ತಿಳಿದದ್ದು. ಇದೇ ಯೋಜನೆಯ ಜ್ಞಾನವಿಕಾಸ ಕೇಂದ್ರಗಳ ಮೂಲಕ ಹೆಂಗಸರ ನಡುವೆ ಕೈತೋಟದ ಮಾತು ಮನೆಮನೆಗೆ ಹೋಯಿತು.

ಕಾರ್ಕಳದ ಹಿತ್ತಿಲಿನ ಕಾಲಮಾನ ತುಳುವರ ತಿಂಗಳುಗಳ ಮೇಲೆ ನಿಂತದ್ದು. ಮೇ ಕೊನೆಯ ಪತ್ತನಾಜೆಯೊಡನೆ ಕೋಲ, ನೇಮ, ಆಟಗಳು ನಿಂತು ಜನ ಮಣ್ಣಿನ ಕೆಲಸಕ್ಕೆ ಇಳಿಯುತ್ತಾರೆ. ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆಯ ಬೀಜ ಮೊದಲ ಮಳೆಗೆ ಮಣ್ಣು ಸೇರಿದರೆ ಆಟಿಯ ಜಡಿಮಳೆ ಹಿಡಿಯುವ ಹೊತ್ತಿಗೆ ಬಳ್ಳಿ ಚಪ್ಪರ ಏರಿರುತ್ತದೆ. ಸೋಣದಲ್ಲಿ ಹಿತ್ತಿಲ ಹೂವು ಹೊಸ್ತಿಲ ಪೂಜೆಗೆ. ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ ಕ್ರೈಸ್ತ ಮಕ್ಕಳು ಇಗರ್ಜಿಗೆ ಒಯ್ಯುವುದೂ ಅದೇ ಹಿತ್ತಿಲುಗಳ ಹೂವು. ದೀಪಾವಳಿ ಕಳೆದ ಮೇಲೆ ಹರಿವೆ, ಅಲಸಂಡೆ, ಸೌತೆಯ ಸಾಲುಗಳು. ಫೆಬ್ರವರಿಯ ಕೆಡ್ಡಸದಲ್ಲಿ ಮೂರು ದಿನ ನೆಲ ಅಗೆಯುವಂತಿಲ್ಲ, ಭೂಮಿತಾಯಿಗೆ ವಿಶ್ರಾಂತಿ. ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಬೇಯಿಸಿದ ಸುಡುಮಣ್ಣು ಬಸಳೆಗೂ ಹರಿವೆಗೂ ಎಷ್ಟು ಒಳ್ಳೆಯದೆಂದು ಇಲ್ಲಿನ ಅಮ್ಮಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೌತೆಯ ಬೀಜವನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿಡುವುದು, ಬಲಿತ ಸೌತೆಯನ್ನು ಮಾಡಿನ ಅಡಿಯಲ್ಲಿ ಕಟ್ಟಿ ತೂಗುಬಿಡುವುದು, ಈ ಎಲ್ಲ ತಿಳಿವಳಿಕೆ ಇರುವುದು ಅವರ ಕೈಯಲ್ಲಿ.

ಈಗ ಅದನ್ನು ಕಲಿಯುವವರು ಕಡಿಮೆಯಾಗಿದ್ದಾರೆ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲಿ. ಅಂಗಳಕ್ಕೆ ಇಂಟರ್‌ಲಾಕ್ ಬಂದಿದೆ. ಬೀಜ ಅಂಗಡಿಯ ಪೊಟ್ಟಣದಲ್ಲಿ ಬರುತ್ತದೆ. ಇಂಥ ಹೊತ್ತಿನಲ್ಲಿ ಕಾರ್ಕಳದ ಬಿಳಿಬೆಂಡೆಗೂ ಕಾರ್ಲ ಕಜೆ ಅಕ್ಕಿಗೂ ಊರಿನ ಹೆಸರಿನ ಮೇಲೆ ಪ್ರಚಾರ ಸಿಕ್ಕಿರುವುದು ಸಂತೋಷದ ಸಂಗತಿ. ಎಳೆಹಸಿರು ಮಿಶ್ರಿತ ಬಿಳಿ ಬಣ್ಣದ ಉದ್ದ ಕಾಯಿಯ ಈ ಬೆಂಡೆ ಮಳೆಗಾಲದ ಊಟದ ರುಚಿ.

ಆದರೆ ಪ್ರಚಾರವಷ್ಟೇ ತಳಿಯನ್ನು ಉಳಿಸುವುದಿಲ್ಲ. ಬೆಂಡೆಯ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟಿದರೂ ಜೇನು, ದುಂಬಿಗಳ ಮೂಲಕ ಪಕ್ಕದ ತೋಟದ ಪರಾಗವೂ ಒಂದಷ್ಟು ಬಂದು ಬೆರೆಯುತ್ತದೆ. ನಾನು ಬಿಳಿಬೆಂಡೆ ಹಾಕಿ, ಬೇಲಿಯಾಚೆ ನೆರೆಮನೆಯವರು ಹಸಿರು ಹೈಬ್ರಿಡ್ ಹಾಕಿದರೆ ಮುಂದಿನ ವರ್ಷ ನನ್ನ ಬೀಜದಲ್ಲಿ ಬೆರಕೆ ಕಾಣಿಸಿಕೊಳ್ಳುತ್ತದೆ. ಬದನೆಯ ಕಥೆಯೂ ಇದೇ. ಕುಂಬಳ, ಹೀರೆಗಳಂಥ ಬಳ್ಳಿಗಳಲ್ಲಿ ಬೆರಕೆ ಇನ್ನೂ ಹೆಚ್ಚು. ಹಾಗಾಗಿ ಶುದ್ಧ ಬೀಜ ಉಳಿಸುವುದು ಒಂಟಿ ಮನೆಯಿಂದ ಆಗದ ಕೆಲಸ. ಹತ್ತು ಮನೆಯವರು ಕೂತು ಮಾತಾಡಿ, ಈ ಬೈಲಿನಲ್ಲಿ ಈ ವರ್ಷ ಬಿಳಿಬೆಂಡೆ ಮಾತ್ರ ಎಂದು ತೀರ್ಮಾನಿಸಬೇಕು. ರೋಗವಿಲ್ಲದ, ಮೊದಲು ಕಾಯಿ ಬಿಟ್ಟ ಗಿಡಕ್ಕೆ ದಾರ ಕಟ್ಟಿ, ಅದರ ಕಾಯಿ ಕೊಯ್ಯದೆ ಬೀಜಕ್ಕೆ ಬಿಡಬೇಕು. ಸಂಘ ಬೇಕಾಗುವುದು ಇಲ್ಲಿಯೇ. ಮಟ್ಟುವಿನವರು ಮಾಡಿ ತೋರಿಸಿದ್ದನ್ನು ಕಾರ್ಕಳದವರು ಮಾಡಲಾರರೇ?

ನಗರದಲ್ಲಿ ಹೊಸ ಚಿಗುರು

ಸಂಘದ ಅಗತ್ಯ ಹಳ್ಳಿಗಷ್ಟೇ ಸೀಮಿತವೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ ತಾರಸಿ ತೋಟದ ತರಬೇತಿಗೆ ನಾಂದಿ ಹಾಡಿದ ಡಾ. ಬಿ.ಎನ್. ವಿಶ್ವನಾಥ್ ಮತ್ತು ಜೊತೆಗಾರರ ಗಾರ್ಡನ್ ಸಿಟಿ ಫಾರ್ಮರ್ಸ್ ಬಳಗ 2011ರಲ್ಲಿ ‘ಊಟ ಫ್ರಮ್ ಯುವರ್ ತೋಟ’ ಎಂಬ ಮೇಳ ಆರಂಭಿಸಿತು. ಕಾಂಕ್ರೀಟಿನ ಮೇಲೆ ಟೊಮೆಟೊ, ಹರಿವೆ, ಬದನೆ ಬೆಳೆದವರು ಬೀಜ, ಸಸಿ, ಅನುಭವ ಹಿಡಿದುಕೊಂಡು ಬಂದು ಹಂಚಿಕೊಂಡರು. ಮಣಿಪಾಲದ ಅಪಾರ್ಟ್‌ಮೆಂಟುಗಳಿಗೂ ಕಾರ್ಕಳ ಪೇಟೆಯ ಹೊಸ ಬಡಾವಣೆಗಳಿಗೂ ಇದು ಒಪ್ಪುವ ದಾರಿ. ಕರಾವಳಿಯ ತಾರಸಿಗೆ ಒಂದೇ ಎಚ್ಚರ ಬೇಕು: ನಾಲ್ಕು ತಿಂಗಳ ಮಳೆಗೆ ಕುಂಡದ ಮಣ್ಣಿನ ಸಾರವೆಲ್ಲ ಸೋರಿಹೋಗುತ್ತದೆ. ತೆಂಗಿನ ನಾರು, ಕಾಂಪೋಸ್ಟ್ ಸೇರಿಸಿದ ಹಗುರ ಮಿಶ್ರಣ, ಅಡಿಯಲ್ಲಿ ನೀರು ಬಸಿಯಲು ಚಿಪ್ಪಿನ ಚೂರು, ಮಳೆ ಬಿಟ್ಟ ಕೂಡಲೇ ಮತ್ತೆ ಗೊಬ್ಬರ. ಇಷ್ಟು ಮಾಡಿದವರಿಗೆ ಬಸಳೆ, ತೊಂಡೆ, ಅಲಸಂಡೆ ಮೋಸ ಮಾಡುವುದಿಲ್ಲ.

ಓದುಗರಲ್ಲಿ ಒಂದು ಮನವಿ

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಭೂಮಿ, ಹಣ, ಅಧಿಕಾರ ಎಲ್ಲ ಇದ್ದ 1836ರ ಸಂಘ ಆರು ವರ್ಷಕ್ಕೆ ಮುಗಿಯಿತು. ಮನೆಮನೆಯ ತೋಟಕ್ಕೆ ಕಾಲಿಟ್ಟ 1912ರ ಸಂಘ ನೂರು ವರ್ಷ ದಾಟಿತು. ನೋಂದಣಿಯ ಹಂಗಿಲ್ಲದೆ ಬೇಲಿಯ ಮೇಲಿಂದ ಮಾತಾಡಿಕೊಂಡ ಶಂಕರಪುರದ ಹೆಂಗಸರು ಒಂದು ಹೂವಿಗೆ ದೇಶದಲ್ಲೇ ಹೆಸರು ತಂದುಕೊಟ್ಟರು. ಬಲವಿರುವುದು ಒಬ್ಬರ ತೋಟದೊಳಗೆ ಇನ್ನೊಬ್ಬರು ಬರುವುದರಲ್ಲಿ.

ಹಾಗಾಗಿ ಈ ಸಂಚಿಕೆ ಓದುವವರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಬೈಲಿನ, ಬೀದಿಯ, ಅಪಾರ್ಟ್‌ಮೆಂಟಿನ ಹತ್ತು ಮನೆಯವರು ಸೇರಿ. ತಿಂಗಳಿಗೊಮ್ಮೆ ಒಬ್ಬರ ಹಿತ್ತಿಲಲ್ಲಿ ಕೂಡಿ. ವೇದಿಕೆ, ಹಾರ, ಭಾಷಣ ಬೇಡ, ತೋಟ ಸುತ್ತಿ ನೋಡಿದರೆ ಸಾಕು. ಯಾವ ಬೀಜ ಯಾವ ದಿನ ಹಾಕಿದ್ದು, ಯಾವಾಗ ಕಾಯಿ ಬಂತು, ಯಾವ ರೋಗಕ್ಕೆ ಯಾವ ಮದ್ದು ಹತ್ತಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ; ಐದು ವರ್ಷ ಬರೆದರೆ ಕಾರ್ಕಳದ ಮಣ್ಣಿಗೆ ಹೊಂದುವ ತೋಟದ ಪಂಚಾಂಗ ತಾನಾಗಿ ತಯಾರಾಗುತ್ತದೆ. ಸುಡುಮಣ್ಣು ಮಾಡಲು, ಸೌತೆಬೀಜ ಗೋಡೆಗೆ ತಟ್ಟಲು ಬಲ್ಲ ಅಜ್ಜಿ ನಿಮ್ಮ ಊರಲ್ಲಿದ್ದರೆ ಮೊದಲ ಕೂಟಕ್ಕೆ ಅವರನ್ನೇ ಗುರುವಾಗಿ ಕರೆಯಿರಿ. ಶಾಲೆಯ ಮಕ್ಕಳನ್ನು ಜೊತೆಗೆ ಕರೆದುಕೊಂಡು ಬನ್ನಿ. ಬೀಜ ಬೇಕಾದವರಿಗೆ ಬೀಜ ಕೊಡಿ, ಮುಂದಿನ ವರ್ಷ ಅವರಿಂದ ಎರಡರಷ್ಟು ಮರಳಿ ಪಡೆಯಿರಿ. ಬರುವ ಪತ್ತನಾಜೆಗೆ ಬಿಳಿಬೆಂಡೆಯ ಬೀಜ ಮಣ್ಣಿಗೆ ಬೀಳುವ ಮೊದಲು ನಿಮ್ಮ ಮೊದಲ ಕೂಟ ನಡೆದಿರಲಿ.